ಗೌಂಡಿ ‘ರಿಪೇರಿ’ ಅಂದ, ಕಾನೂನು ಏನಂತದ?

ಪ್ರಶ್ನೆ: ವಿಜಯಪುರದ ಹಳೇ ಊರಾಗ ನಮ್ಮ ಅಜ್ಜನ ಕಾಲದ ಮನಿ ಅದರಿ. ಕಲ್ಲು-ಮಣ್ಣಿನ ಗ್ವಾಡಿ, ಮ್ಯಾಲೆ ಮಣ್ಣಿನ ಮಾಳಿಗಿ. ಅಳತಿ 27×42 ಫೂಟು. ಎರಡು ವರ್ಷದಿಂದ ಮಾಳಿಗಿ ಸೋರಾಕತ್ತದ. ಅದನ್ನ ತಗದು ಸ್ಲ್ಯಾಬ್ ಹಾಕಬೇಕು, ಹಿತ್ತಲದಾಗ ಬಚ್ಚಲ-ಸಂಡಾಸ ಕಟ್ಟಬೇಕು, ಮಗನ ಲಗ್ನ ಅದ ಅಂತ ಮ್ಯಾಲೆ ಒಂದು ಖೋಲಿ ಏರಿಸಬೇಕು, ಮುಂದಿನ ಪಡಸಾಲಿಗೆ ಶಟರ್ ಹಚ್ಚಿ ಕಿರಾಣಿ ಅಂಗಡಿ ಇಡಬೇಕು ಅಂತ ವಿಚಾರ ಅದ. ಗೌಂಡಿ ‘ಇದು ರಿಪೇರಿ, ಪರ್ಮಿಶನ್ ಏನೂ ಬೇಕಿಲ್ಲ’ ಅಂತಾನ. ಅವಗ 20,000 ರೂಪಾಯಿ ಮುಂಗಡಾನೂ ಕೊಟ್ಟೀನಿ. ಬಾಜೂ ಮನಿಯವರು ‘ಕೋಟಿ ಗ್ವಾಡಿ ಹತ್ರ ಅದ, ಪುರಾತತ್ವದವರು ಬಿಡಂಗಿಲ್ಲ’ ಅಂತಾರ. ಆದ್ರ ಗೋಳಗುಮ್ಮಟ ನಮ್ಮ ಮನಿಯಿಂದ ಒಂದು ಕಿಲೋಮೀಟರ್ ದೂರ ಅದ. ಯಾರ ಮಾತು ಖರೆ? ಪ್ರಾಪರ್ಟಿ ಕಾರ್ಡಿನ ಫೋಟೋ ಕಳಿಸೀನಿ.

ಉತ್ತರ: ಇಬ್ಬರ ಮಾತೂ ಅರ್ಧರ್ಧ ಖರೆ. ನೀವು ಒಂದೇ ಕೆಲಸ ಅಂದುಕೊಂಡದ್ದು ಕಾನೂನಿನ ಕಣ್ಣಿಗೆ ನಾಲ್ಕು ಕೆಲಸ, ನಾಲ್ಕಕ್ಕೂ ಒಂದೇ ಹೆಸರಲ್ಲ. ಯಾವ ಕೆಲಸ, ಅದನ್ನು ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ ದುರಸ್ತಿ, ಪುನರ್‌ನಿರ್ಮಾಣ, ಹೊಸ ನಿರ್ಮಾಣ, ಉಪಯೋಗದ ಬದಲಾವಣೆ ಅಂತ ಹೆಸರು ಬೀಳುತ್ತದೆ. ಬೇರೆ ಊರಾಗಿದ್ದರೆ ನೇರವಾಗಿ ಪಾಲಿಕೆಯ ನಿಯಮದಿಂದ ಶುರು ಮಾಡುತ್ತಿದ್ದೆ. ವಿಜಯಪುರದಲ್ಲಿ ಅದಕ್ಕೂ ಮೊದಲು ಒಂದು ಟೇಪು ಹಿಡಿಯಬೇಕಾಗುತ್ತದೆ.

ಗೋಳಗುಮ್ಮಟ ಎಷ್ಟು ದೂರ ಅನ್ನುವುದು ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲ. ಈ ಊರಿನಲ್ಲಿ ಕೇಂದ್ರ ಪುರಾತತ್ವ ಇಲಾಖೆ, ಅಂದರೆ ಎಎಸ್‌ಐ, ಕಾಯುವ ಸ್ಮಾರಕಗಳು ಹತ್ತಾರು. ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಬಾರಾಕಮಾನ್, ಗಗನ ಮಹಲ್, ತಾಜ್ ಬಾವಡಿ ಎಲ್ಲರಿಗೂ ಗೊತ್ತು. ಆದರೆ ಓಣಿಯೊಳಗೆ ಹುದುಗಿರುವ ಸಣ್ಣ ಮಸೀದಿ, ಗೋರಿ, ಬುರುಜುಗಳೂ ಆ ಪಟ್ಟಿಯಲ್ಲಿವೆ. ಎಲ್ಲಕ್ಕಿಂತ ತ್ರಾಸು ಕೊಡುವುದು ಕೋಟೆ ಗೋಡೆ. ಗುಮ್ಮಟ ಒಂದು ಕಡೆ ನಿಂತಿರುತ್ತದೆ. ಗೋಡೆ ಊರನ್ನೇ ಸುತ್ತುವರಿದಿದೆ, ಸುಮಾರು 10 ಕಿಲೋಮೀಟರ್ ಸುತ್ತಳತೆ. ಅದರ ಎರಡೂ ಮಗ್ಗುಲಿನ ಮನೆಗಳಿಗೆ ಕಾನೂನು ಗೋಡೆಯ ಜೊತೆಗೇ ಹರಿದು ಬರುತ್ತದೆ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ‘ನಿಷೇಧಿತ ಪ್ರದೇಶ’. ಅದರಾಚೆ ಮತ್ತೆ 200 ಮೀಟರ್ ‘ನಿಯಂತ್ರಿತ ಪ್ರದೇಶ’. ಒಟ್ಟು 300 ಮೀಟರ್ ದಾಟಿದ ಮೇಲೆ ಆ ಸ್ಮಾರಕದ ಹಂಗು ಮುಗಿಯಿತು. ‘ಎಲ್ಲೆಯಿಂದ’ ಅನ್ನುವ ಮಾತು ನೆನಪಿಡಿ. ಇಬ್ರಾಹಿಂ ರೋಜಾದ ಗುಮ್ಮಟದ ತುದಿಯಿಂದ ಯಾರೂ ಅಳೆಯುವುದಿಲ್ಲ, ಅದರ ಸಂರಕ್ಷಿತ ಜಾಗ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅಳೆಯುತ್ತಾರೆ. ಅಳತೆ ರಸ್ತೆ ಸುತ್ತಿಕೊಂಡು ಹೋಗುವುದೂ ಅಲ್ಲ, ಹಕ್ಕಿ ಹಾರಿದ ಹಾಗೆ ನೇರ. ಮೊಬೈಲಿನ ನಕ್ಷೆಯಲ್ಲಿ ‘ನಡೆದರೆ 260 ಮೀಟರ್’ ಅಂತ ತೋರಿಸಿ ವಾದಕ್ಕೆ ನಿಂತವರನ್ನು ನಾನು ಬಹಳ ಕಂಡಿದ್ದೇನೆ. ನೇರ ಗೆರೆ ಎಳೆದರೆ ಅವರ ಮನೆ 90 ಮೀಟರ್ ಒಳಗೇ ಬಂದಿರುತ್ತದೆ.

ನಿಮ್ಮ ಮನೆ ಕೋಟೆ ಗೋಡೆಯಿಂದ 100ರ ಒಳಗಿದೆಯೋ ಹೊರಗೋ ಅನ್ನುವುದನ್ನು ನಾನು ಫೋಟೋ ನೋಡಿ ಹೇಳಲಾರೆ, ಗೌಂಡಿಯೂ ಹೇಳಬಾರದು. ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರಿಂದ ಸೈಟ್ ಪ್ಲ್ಯಾನ್ ಮಾಡಿಸಿ, ಮನೆಯ ನಾಲ್ಕೂ ಮೂಲೆ ಗುರುತಿಸಿ, ಊರಲ್ಲೇ ಇರುವ ಎಎಸ್‌ಐ ಕಚೇರಿಯಲ್ಲಿ ಸಂರಕ್ಷಿತ ಎಲ್ಲೆ ಎಲ್ಲಿಗೆ ಬರುತ್ತದೆ ಅಂತ ಕೇಳಿ. ಬಾಯಿಮಾತಿನ ಉತ್ತರ ಸಾಲದು, ಬರವಣಿಗೆಯಲ್ಲಿ ಇರಲಿ.

ಈಗ ಎರಡೂ ದಾರಿ ಹೇಳುತ್ತೇನೆ.

ಮನೆ 100 ಮೀಟರಿನ ಒಳಗಿದ್ದರೆ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ಮೇಲಿನ ಖೋಲಿ ಅಲ್ಲಿಗೇ ಮುಗಿಯಿತು, ಯಾರ ಕೈಕಾಲು ಹಿಡಿದರೂ ಆಗದು. ಮನೆ ಪೂರ್ತಿ ಕೆಡವಿ ಅದೇ ಅಳತೆಯಲ್ಲಿ ಎಬ್ಬಿಸುತ್ತೇನೆ ಅಂದರೂ ಆಗದು, ಅದು ಪುನರ್‌ನಿರ್ಮಾಣ. ಆದರೆ ದುರಸ್ತಿ ಮತ್ತು ನವೀಕರಣಕ್ಕೆ ಬಾಗಿಲು ತೆರೆದಿದೆ. ಕಾಯ್ದೆಯ ಮಾತಿನಲ್ಲಿ ಅದು ಮೊದಲೇ ಇರುವ ಕಟ್ಟಡದಲ್ಲಿ ಮಾಡುವ ಮಾರ್ಪಾಡು. ಅದಕ್ಕೂ ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಗೆ, ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಜೊತೆಗೆ ಒಂದು ಷರತ್ತು: ಮನೆ 1992ರ ಜೂನ್ 16ಕ್ಕೆ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಕಾನೂನುಬದ್ಧ ಅನುಮತಿಯಿಂದ ಕಟ್ಟಿದ್ದಾಗಿರಬೇಕು.

ಅಜ್ಜನ ಮನೆ ಅಂದಿರಿ, ಹಾಗಾಗಿ ಆ ತಾರೀಖಿನ ಬಗ್ಗೆ ನಿಮಗೆ ಅಂಜಿಕೆ ಬೇಡ. ಆದರೆ ‘ಅಜ್ಜನ ಕಾಲದ್ದು’ ಅಂತ ಬಾಯಿಂದ ಹೇಳಿದರೆ ಕಡತಕ್ಕೆ ಏನೂ ಸೇರುವುದಿಲ್ಲ. ಟ್ರಂಕು ತೆಗೆಯಿರಿ. ಹಳೇ ಖರೇದಿ ಪತ್ರ, ವಾಟ್ನಿ (ಪಾಲು ವಿಭಾಗದ) ಪತ್ರ, ನಗರಸಭೆ ಇದ್ದಾಗಿನ ಮನೆಪಟ್ಟಿ ಪಾವತಿ, ಆಗಿನ ವಿದ್ಯುತ್ ಮಂಡಳಿಯಾದ ಕೆಇಬಿ ಹೆಸರಿನ ಲೈಟ್ ಬಿಲ್ ಹುಡುಕಿ. ಕೆಇಬಿ ಬಿಲ್ಲನ್ನು ನಾನು ವಿಶೇಷವಾಗಿ ಕೇಳುತ್ತೇನೆ, ಯಾಕೆಂದರೆ ಅದರ ಮೇಲೆ ತಾರೀಖು, ಮೀಟರ್ ನಂಬರು, ಹೆಸರು ಮೂರೂ ಒಂದೇ ಕಾಗದದ ಮೇಲೆ ಇರುತ್ತವೆ. ಹೆಚ್ಚಿನವರು ಅದನ್ನು ರದ್ದಿಗೆ ಹಾಕಿರುತ್ತಾರೆ.

ಈಗ ಬಚ್ಚಲ-ಸಂಡಾಸದ ವಿಷಯ. ಹಿತ್ತಲಿನ ಖಾಲಿ ಮೂಲೆಯಲ್ಲಿ ಹೊಸದಾಗಿ ಪಾಯ ತೆಗೆದು ನಾಲ್ಕು ಗೋಡೆ ಎಬ್ಬಿಸಿದರೆ, ಅದು ಆರು ಫೂಟಿನದಾದರೂ ಹೊಸ ನಿರ್ಮಾಣವೇ. ಕಾಯ್ದೆಯಲ್ಲಿ ಸಾರ್ವಜನಿಕ ಶೌಚಾಲಯಕ್ಕೆ, ಚರಂಡಿ ಕೆಲಸಕ್ಕೆ ವಿನಾಯಿತಿ ಇದೆ, ಮನೆಯ ಸ್ವಂತ ಸಂಡಾಸಕ್ಕೆ ಅದು ಹೊಂದುವುದಿಲ್ಲ. ಅದೇ ಸಂಡಾಸವನ್ನು ಈಗಿರುವ ಅಡುಗೆಮನೆಯ ಪಕ್ಕದ ಉಗ್ರಾಣದ ಖೋಲಿಯೊಳಗೆ, ಒಂದು ಅಡ್ಡಗೋಡೆ ಹಾಕಿ ಮಾಡಿದರೆ ಇರುವ ಕಟ್ಟಡದ ಒಳಗಿನ ಮಾರ್ಪಾಡು ಆಗುತ್ತದೆ. ಜಾಗ ಬದಲಾಯಿತು, ಕಾನೂನಿನಲ್ಲಿ ಅದರ ಹೆಸರೂ ಬದಲಾಯಿತು. ಉಗ್ರಾಣ ಹೋಗುತ್ತದಲ್ಲ ಅಂತ ಮನೆಯವರು ಸಿಟ್ಟಾಗಬಹುದು. ಆದರೂ ನನ್ನ ಸಲಹೆ ಇದೇ. ಮುಪ್ಪಿನವರು ಇರುವ ಮನೆಯಲ್ಲಿ ರಾತ್ರಿ ಹಿತ್ತಲಿಗೆ ಹೋಗುವುದೂ ತಪ್ಪುತ್ತದೆ.

ಮಾಳಿಗೆಯದು ಇನ್ನೂ ನಾಜೂಕು. ತೊಲೆ-ಜಂತಿ ಹಾಳಾದಷ್ಟು ಬದಲಿಸಿ ಮಾಳಿಗೆ ಸರಿಪಡಿಸುವುದು ದುರಸ್ತಿ, ಅದರಲ್ಲಿ ವಾದವಿಲ್ಲ. ಗೋಡೆಗಳನ್ನು ಮುಟ್ಟದೆ, ಎತ್ತರ ಒಂದಿಂಚೂ ಏರಿಸದೆ, ಮಾಳಿಗೆಯ ಜಾಗಕ್ಕೆ ಸ್ಲ್ಯಾಬ್ ಹಾಕುವುದನ್ನೂ ದುರಸ್ತಿ ಅಂತಲೇ ಅರ್ಜಿಯಲ್ಲಿ ಕೇಳಬಹುದು. ಈಗಿನ ಎತ್ತರ, ಹೊಸ ಎತ್ತರ ಎರಡನ್ನೂ ನಕ್ಷೆಯಲ್ಲಿ ಪಕ್ಕಪಕ್ಕ ಬರೆದು, ನಾಲ್ಕೂ ಕಡೆಯ ಫೋಟೋ ಹಚ್ಚಿ. ಆದರೆ ಸ್ಲ್ಯಾಬ್ ಹಾಕಲು ಅಂತ ಗೌಂಡಿ ಗೋಡೆ ಕೆಡವಲು ಶುರು ಮಾಡಿದನೋ, ಅವತ್ತಿನಿಂದ ನಿಮ್ಮದು ದುರಸ್ತಿಯಲ್ಲ. ಒಂದು ಗೋಡೆ ಬಿದ್ದರೆ ‘ತಾನೇ ಬಿತ್ತು’ ಅನ್ನಬಹುದು, ನಾಲ್ಕೂ ಬಿದ್ದರೆ ಯಾರೂ ನಂಬುವುದಿಲ್ಲ.

ಇಲ್ಲಿ ಒಂದು ತಾಂತ್ರಿಕ ಮಾತು ಸೇರಿಸುತ್ತೇನೆ, ಯಾಕೆಂದರೆ ‘ಸ್ಲ್ಯಾಬಿನ ಭಾರ ಹಳೇ ಗೋಡಿ ತಡಿಯಂಗಿಲ್ಲ, ಕೆಡವಬೇಕು’ ಅಂತ ಗೌಂಡಿಗಳು ಹೇಳುವುದು ರೂಢಿ. ಲೆಕ್ಕ ಹಾಕಿ. ಒಂದು ಫೂಟು ದಪ್ಪದ ಮಣ್ಣಿನ ಮಾಳಿಗೆ ಒಂದು ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ, ಮಳೆ ನೀರು ಕುಡಿದರೆ ಇನ್ನೂ ಹೆಚ್ಚು. ಐದು ಇಂಚಿನ ಸ್ಲ್ಯಾಬು ಅಷ್ಟೇ ಜಾಗಕ್ಕೆ 310-320 ಕಿಲೋ. ಮೇಲೆ ನೀರು ಸೋರದಂತೆ ಮಾಡುವ ಪದರು ಸೇರಿಸಿದರೂ ಭಾರ ಕಡಿಮೆಯೇ ಆಗುತ್ತದೆ. ಎರಡು ಫೂಟು ದಪ್ಪದ ನಿಮ್ಮ ಕಲ್ಲಿನ ಗೋಡೆಗೆ ಅದು ದೊಡ್ಡ ಮಾತಲ್ಲ. ಗೋಡೆಯ ತಲೆಯ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಬೆಡ್ ಹಾಕಿ ಭಾರ ಸಮನಾಗಿ ಹಂಚಿದರೆ ಸಾಕಾಗಬಹುದು. ಮಣ್ಣಿನ ಗಾರೆ ಪೂರ್ತಿ ಉದುರಿದ್ದರೆ ಮಾತ್ರ ಬೇರೆ ವಿಚಾರ, ಅದನ್ನು ಎಂಜಿನಿಯರ್ ಕಣ್ಣಾರೆ ನೋಡಿ ಹೇಳಬೇಕು. ಆದರೆ ಈ ಲೆಕ್ಕ ಒಂದೇ ಅಂತಸ್ತಿಗೆ. ಮೇಲೆ ಖೋಲಿ ಬಂದರೆ ಗೋಡೆಯ ಜೊತೆಗೆ ಪಾಯವನ್ನೂ ತೆಗೆದು ನೋಡಬೇಕು. ನಮ್ಮ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ, ಅದು ಮೇಲಂತಸ್ತಿಗೆ ಒಳ್ಳೆಯ ಗೆಳೆಯನಲ್ಲ.

ಮನೆ 100 ದಾಟಿ 300ರ ಒಳಗಿದ್ದರೆ ನಾಲ್ಕೂ ಕೆಲಸಕ್ಕೆ ಅರ್ಜಿ ಹಾಕಬಹುದು, ಮೇಲಿನ ಖೋಲಿಗೂ. ಎತ್ತರ ಎಷ್ಟಿರಬೇಕು, ಹೊರಗಿನ ನೋಟ ಹೇಗಿರಬೇಕು ಅನ್ನುವುದನ್ನು ಅನುಮತಿಯ ಷರತ್ತಿನಲ್ಲಿ ಬರೆಯುತ್ತಾರೆ. ಖೋಲಿಯ ಮೇಲೆ ನೀರಿನ ಟಾಕಿ, ಜಿನೆಯ ಮೇಲಿನ ಮಾಡು, ಇವನ್ನೂ ಎತ್ತರದಲ್ಲೇ ಲೆಕ್ಕ ಹಿಡಿದು ನಕ್ಷೆ ತೆಗೆಸಿ. ಆಮೇಲೆ ‘ಟಾಕಿ ಬಿಟ್ಟು ಅಳೆದಿದ್ದೆ’ ಅಂದರೆ ನಡೆಯುವುದಿಲ್ಲ.

ಕಾಲ ಎಷ್ಟು ಹಿಡಿಯುತ್ತದೆ? ಕಾಯ್ದೆಯ ಪ್ರಕಾರ ಸಕ್ಷಮ ಪ್ರಾಧಿಕಾರಿ 15 ದಿನದಲ್ಲಿ ಅರ್ಜಿಯನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅವರು ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು, ಅದು ಬಂದ ಒಂದು ತಿಂಗಳಲ್ಲಿ ಒಪ್ಪಿಗೆಯೋ ನಿರಾಕರಣೆಯೋ ಹೇಳಬೇಕು. ಕೂಡಿಸಿದರೆ ಮೂರೂವರೆ ತಿಂಗಳು, ಅದೂ ಕಾಗದ ಒಂದೇ ಸಲಕ್ಕೆ ಸರಿ ಇದ್ದರೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವುದರೊಳಗೆ ಮಾಳಿಗೆ ಮುಗಿಯಬೇಕು ಅಂದರೆ ಸಂಕ್ರಾಂತಿಗೆ ಮೊದಲೇ ಅರ್ಜಿ ಒಳಗೆ ಹೋಗಿರಬೇಕು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೈಲಿಗಿಂತ ಹೆಚ್ಚಾಗಿ ನಾನು ಕಂಡದ್ದು ಅರ್ಧಕ್ಕೆ ನಿಂತ ಮನೆಗಳನ್ನು. ನನ್ನ ಹತ್ತಿರ ಬಂದ ಒಬ್ಬರು ಕಾಲಂ ಎಬ್ಬಿಸಿ ಸೆಂಟ್ರಿಂಗ್ ಹೊಡೆಸಿದ ಮೇಲೆ ನೋಟಿಸು ಹಿಡಿದುಕೊಂಡು ಬಂದಿದ್ದರು. ಆ ಕಾಲಂಗಳ ತಲೆಯಿಂದ ಹೊರಬಂದ ಸರಳು ಇವತ್ತಿಗೂ ಆಕಾಶ ನೋಡುತ್ತಾ ತುಕ್ಕು ಹಿಡಿಯುತ್ತಿವೆ. ಕೆಳಗಿನ ಮನೆಗೆ ಆ ಕಾಲಂಗಳ ಬುಡದಿಂದಲೇ ನೀರು ಇಳಿಯುತ್ತದೆ.

ಎಎಸ್‌ಐ ಒಪ್ಪಿಗೆ ಬಂದ ಮೇಲೆ ಮಹಾನಗರ ಪಾಲಿಕೆ. ಒಂದು ಸಿಕ್ಕರೆ ಇನ್ನೊಂದು ಸಿಕ್ಕಂತೆ ಅಲ್ಲ. ವಿಜಯಪುರಕ್ಕೆ ಅನ್ವಯಿಸುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಬೆಳಗಾವಿಗೂ ಅದೇ, ಆದರೆ ಅಲ್ಲಿಯ ಕ್ಯಾಂಪಿನಲ್ಲಿ ಮನೆಯಿದ್ದರೆ ದಂಡು ಮಂಡಳಿಯ ಕಾನೂನು. ಬಾಗಲಕೋಟೆಯ ಹಳೇ ಊರಾದರೆ ನಗರಸಭೆ, ನವನಗರವಾದರೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಹಂಚಿಕೆ ಪತ್ರದ ಷರತ್ತು ಮೊದಲು ಓದಬೇಕು. ಬೆಳಗಾವಿಯ ಬೀಗರು ಹೇಳಿದ ನಿಯಮವನ್ನು ಇಲ್ಲಿಗೆ ತಂದು ಹಚ್ಚಬೇಡಿ.

ಗೌಂಡಿಯ ಮಾತು ಖರೆ ಆಗುವುದು ಪಾಲಿಕೆಯ ಈ ಭಾಗದಲ್ಲಿ. ಸುಣ್ಣ-ಬಣ್ಣ, ಗಿಲಾವು, ಫರಸಿ ಬದಲಿಸುವುದು, ಹುಳ ಹಿಡಿದ ಬಾಗಿಲು-ಕಿಟಕಿ ತೆಗೆದು ಅದೇ ಜಾಗಕ್ಕೆ ಹೊಸದು ಕೂಡಿಸುವುದು, ವೈರಿಂಗ್, ನಳದ ಪೈಪು, ಇಂಥದ್ದಕ್ಕೆ ಪಾಲಿಕೆಯ ಕಟ್ಟಡ ಪರವಾನಗಿ ಕೇಳುವುದಿಲ್ಲ. ಭಾರ ಹೊರುವ ಗೋಡೆ, ಚಾವಣಿ, ಅಂತಸ್ತು, ಕಟ್ಟಡದ ಹೊರ ಅಳತೆ, ಇವುಗಳಿಗೆ ಕೈ ಹಚ್ಚಿದರೆ ಕಾಯ್ದೆಯ 299ನೇ ಕಲಮಿನಡಿ ಅರ್ಜಿ ಬೇಕು. ಬಿಟ್ಟು ಕಟ್ಟಿದರೆ 321ನೇ ಕಲಮಿನಡಿ ಕೆಡವುವ ನೋಟಿಸು. ‘ಆಮೇಲೆ ಅಕ್ರಮ-ಸಕ್ರಮದಾಗ ಮಾಡಿಸಿಕೊಂಡ್ರಾತು’ ಅನ್ನುವವರಿಗೆ ಒಂದು ಮಾತು: ಆ ಯೋಜನೆಗೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಅದನ್ನು ನಂಬಿ ಇಟ್ಟಂಗಿ ತರಿಸಬೇಡಿ.

ಇನ್ನು ನೀವು ಕಳಿಸಿದ ಪ್ರಾಪರ್ಟಿ ಕಾರ್ಡು. ಅದರಲ್ಲಿ ನೀವು ಕೇಳದೇ ಇದ್ದ ಎರಡು ಸಂಗತಿ ಕಂಡವು.

ಮೊದಲನೆಯದು ಅಳತೆ. ನೀವು ಮನೆ 27×42 ಫೂಟು ಅಂತೀರಿ, ಅಂದರೆ 1,134 ಚದರ ಫೂಟು, ಮೀಟರಿಗೆ ತಿರುಗಿಸಿದರೆ 105 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಸಿಟಿ ಸರ್ವೆ ಕಾರ್ಡಿನಲ್ಲಿ ಇರುವುದು 98.4. ಏಳು ಚದರ ಮೀಟರು ಎಲ್ಲಿ ಹೋಯಿತು? ಏಳು ಚದರ ಮೀಟರು ಅಂದರೆ ಸುಮಾರು 75 ಚದರ ಫೂಟು; ಮನೆಯ ಅಗಲ 27ರಿಂದ ಭಾಗಿಸಿದರೆ ಕಾಲು ಕಡಿಮೆ ಮೂರು ಫೂಟು. ನಿಮ್ಮ ಮನೆ ಮುಂದಿನ ಕಟ್ಟೆಯ ಅಗಲ ಎಷ್ಟು ಅಂತ ಅಳೆದು ನೋಡಿ. ನನ್ನ ಅಂದಾಜು ಸರಿಯಿದ್ದರೆ ಟೇಪು ಎರಡು ಮುಕ್ಕಾಲು ಫೂಟು ತೋರಿಸುತ್ತದೆ. ಅಜ್ಜ ಸಂಜೆ ಕುಂತು ಅಡಿಕೆ ಕತ್ತರಿಸಿದ ಕಟ್ಟೆ ನಿಮ್ಮದೇ ಅನ್ನಿಸುವುದು ಸಹಜ, ಕಾಗದದಲ್ಲಿ ಅದು ರಸ್ತೆ. ನಕ್ಷೆಯಲ್ಲಿ ಕಟ್ಟೆಯನ್ನು ಮನೆಯೊಳಗೆ ಸೇರಿಸಿ ತೋರಿಸಿದರೆ ಅರ್ಜಿ ಮೊದಲ ಮೇಜಿನಲ್ಲೇ ವಾಪಸು ಬರುತ್ತದೆ. ಶಟರನ್ನು ಕಟ್ಟೆಯ ಅಂಚಿಗೆ ತಂದು ಹಚ್ಚಿದರೆ ಇನ್ನೂ ಕೆಟ್ಟದ್ದು.

ಎರಡನೆಯದು ಹೆಸರು. ಕಾರ್ಡು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ವಾರಸಾ, ಅಂದರೆ ವಾರಸುದಾರರ ಹೆಸರು, ದಾಖಲಾಗದೆ ನೀವು ಅರ್ಜಿದಾರರಾಗಲು ಆಗುವುದಿಲ್ಲ, ಇ-ಖಾತಾ ಕೂಡ ನಿಮ್ಮ ಹೆಸರಿಗೆ ಬರುವುದಿಲ್ಲ. ಕಾಕಾ, ಅತ್ತೆಯರು ಇದ್ದರೆ ಅವರದೂ ಹಕ್ಕು ಇರುತ್ತದೆ. ಮನೆ ರಿಪೇರಿಗೆ ಯಾರೂ ಬೇಡ ಅನ್ನಲಿಕ್ಕಿಲ್ಲ, ಆದರೆ ಅಂಗಡಿ ಇಡುತ್ತೀರಿ ಅಂತ ಗೊತ್ತಾದ ಮೇಲೆ ಮಾತು ಬದಲಾಗುವುದುಂಟು. ಲಗ್ನದ ಗದ್ದಲ ಶುರುವಾಗುವ ಮೊದಲೇ, ಎಲ್ಲರೂ ಕೂಡಿದಾಗ ಸಹಿ ಮಾಡಿಸಿಕೊಳ್ಳಿ. ಎಎಸ್‌ಐ, ಪಾಲಿಕೆ ಎರಡಕ್ಕೂ ಮೊದಲಿನ ಕೆಲಸ ಇದು, ಮತ್ತು ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದೂ ಇದೇ.

ಬಾಜೂ ಮನೆಯವರ ಜೊತೆ ಗೋಡೆ ಸಾಮಾಯಿಕವೇ ಅಂತಲೂ ನೋಡಿಕೊಳ್ಳಿ. ಹಳೇ ಊರಿನಲ್ಲಿ ಎರಡು ಮನೆಯ ಜಂತಿ ಒಂದೇ ಗೋಡೆಯ ಮೇಲೆ ಕುಂತಿರುತ್ತವೆ. ಆ ಗೋಡೆಯ ತಲೆಗೆ ಬೆಡ್ ಹಾಕುವಾಗ ಅವರ ಕಡೆಯ ಜಂತಿ ಸಡಿಲಾದರೆ ಹೊಣೆ ನಿಮ್ಮದು. ಅವರ ಬೆಳಕಿಂಡಿ ನಿಮ್ಮ ಕಡೆ ತೆರೆದು 20 ವರ್ಷ ದಾಟಿದ್ದರೆ, 1882ರ ಅನುಭೋಗ ಹಕ್ಕುಗಳ ಕಾಯ್ದೆ ಅವರ ಗಾಳಿ-ಬೆಳಕಿಗೆ ರಕ್ಷಣೆ ಕೊಡಬಹುದು. ‘ಪುರಾತತ್ವದವರು ಬಿಡಂಗಿಲ್ಲ’ ಅಂದದ್ದು ಅವರೇ ತಾನೆ? ಚಹಾಕ್ಕೆ ಕರೆದು ನಕ್ಷೆ ತೋರಿಸಿ. ಅರ್ಧ ತಕರಾರುಗಳು ನಕ್ಷೆ ಕಾಣದೇ ಹುಟ್ಟಿರುತ್ತವೆ.

ಅಂಗಡಿ ಬಗ್ಗೆ ಚಿಕ್ಕದಾಗಿ. ಊರಿನ ಮಹಾಯೋಜನೆಯಲ್ಲಿ ನಿಮ್ಮ ಓಣಿ ಯಾವ ವಲಯದಲ್ಲಿದೆ ಅಂತ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಕೊಟ್ಟು ಕೇಳಿ. ವಸತಿ ವಲಯದಲ್ಲೂ ಓಣಿಯ ಅಗತ್ಯದ ಸಣ್ಣ ಅಂಗಡಿಗೆ ಸಾಮಾನ್ಯವಾಗಿ ಜಾಗವಿರುತ್ತದೆ. ಎಷ್ಟು ಅಳತೆ, ಎಷ್ಟು ಅಗಲದ ರಸ್ತೆ ಅನ್ನುವುದು ಅಲ್ಲಿಯ ವಲಯ ನಿಯಮದಲ್ಲಿ ಬರೆದಿರುತ್ತದೆ. ಪಾಲಿಕೆಯ ವ್ಯಾಪಾರ ಪರವಾನಗಿ ಬೇರೆ ಬೇಕು, ಆ ಖೋಲಿಯ ತೆರಿಗೆಯೂ ವಾಣಿಜ್ಯದ ದರಕ್ಕೆ ಏರುತ್ತದೆ. ಹೆಸ್ಕಾಂ ಮೀಟರ್ ಮರೆಯಬೇಡಿ. ಗೃಹಜ್ಯೋತಿ ಮನೆಬಳಕೆಗೆ ಮಾತ್ರ; ಅಂಗಡಿಯ ಫ್ರಿಜ್ಜು ಮನೆಯ ಮೀಟರಿನ ಮೇಲೆ ಓಡಿದರೆ ಅದಕ್ಕೇ ಕುತ್ತು. ಬೇರೆ ಮೀಟರ್ ಕೇಳುವಾಗ ಕಟ್ಟಡದ ಪೂರ್ಣತಾ ಪತ್ರ, ಸ್ವಾಧೀನ ಪತ್ರ ಕೇಳಬಹುದು. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ವಿಷಯ ಬಿಗಿಯಾಗಿದೆ. ಶಟರಿಗೆ ಪಡಸಾಲೆಯ ಮುಂದಿನ ಗೋಡೆ ಒಡೆಯುವುದೂ ಭಾರ ಹೊರುವ ಗೋಡೆಗೆ ಕೈ ಹಚ್ಚಿದಂತೆಯೇ, ಅದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಎರಡು ಅರ್ಜಿ, ಎರಡು ನಕ್ಷೆ ಮಾಡಿದರೆ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ, ಗುಮಾಸ್ತರು ಹಿಡಿಯುವುದು ಅದನ್ನೇ.

ಗೌಂಡಿಗೆ ಕೊಟ್ಟ 20,000 ವಾಪಸು ಕೇಳಿ ಮನಸ್ತಾಪ ಮಾಡಿಕೊಳ್ಳಬೇಡಿ. ಸರಳು, ಸಿಮೆಂಟು ತರಿಸುವುದನ್ನು ಮಾತ್ರ ನಿಲ್ಲಿಸಿ. ಈ ಮಳೆಗಾಲಕ್ಕೆ ಮಾಳಿಗೆಯ ಮೇಲಿನ ಹುಲ್ಲು-ಗಿಡ ಬೇರುಸಹಿತ ಕಿತ್ತು, ಬಿಲ ಮುಚ್ಚಿ, ಇಳಿಜಾರು ಸರಿಮಾಡಿ, ಹೊಸ ಕರಲು ಮಣ್ಣು ಹರವಿಸಿ, ನೀರು ಹೊರಹೋಗುವ ದೋಣಿಗಳನ್ನು ಬಿಡಿಸಲಿ. ಅಷ್ಟು ಮಾಡಿದರೆ ಒಂದು ಮಳೆಗಾಲ ದಾಟುತ್ತದೆ. ಒಳಗೆ ಉದುರಿದ ಗಿಲಾವು, ಮುರಿದ ಫರಸಿ ಆ ದುಡ್ಡಿನಲ್ಲೇ ಆಗಲಿ. ಅಷ್ಟೊತ್ತಿಗೆ ವಾರಸಾ ಕಾಗದ ಕೈಗೆ ಬಂದಿರುತ್ತದೆ, ನೂರರ ಒಳಗೋ ಹೊರಗೋ ಅನ್ನುವುದೂ ಗೊತ್ತಾಗಿರುತ್ತದೆ.